ಸೂಜಿಗಿಂತ ಮೊದಲು ಬೆರಳು: ರಕ್ತ ತೆಗೆಯಲು ನಾನು ಕಲಿತ ಬಗೆ

ರಾಯಚೂರಿನ ಒಂದು ಕ್ಲಿನಿಕ್‌ನಲ್ಲಿ ನಾನು ಅಸಿಸ್ಟೆಂಟ್. ಬಿಪಿ ನೋಡುವುದು, ತೂಕ ಬರೆದುಕೊಳ್ಳುವುದು, ಇಸಿಜಿ ತೆಗೆಯುವುದು, ಡ್ರೆಸ್ಸಿಂಗ್ ಟ್ರೇ ಸಿದ್ಧ ಮಾಡುವುದು ಎಲ್ಲವೂ ನನ್ನ ಕೆಲಸವೇ. ಬೆಳಗಿನ ಹೊತ್ತು ಮಾತ್ರ ಪೂರ್ತಿ ರಕ್ತ ತೆಗೆಯುವುದಕ್ಕೇ ಹೋಗುತ್ತದೆ. ಈ ಕೆಲಸಕ್ಕೆ ಬರಬೇಕು ಅಂತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುತ್ತಾರೆ, "ಅಕ್ಕಾ, ಸೂಜಿ ಚುಚ್ಚೋದು ಕಲಿಯಾಕ ಎಷ್ಟು ದಿನ ಬೇಕ್ರಿ?" ಚುಚ್ಚುವುದು ಬೇಗ ಬರುತ್ತದೆ. ಅದರ ಹಿಂದೆ ಮುಂದೆ ಇರುವ ಕೆಲಸಕ್ಕೇ ಸಮಯ ಬೇಕು. ರಿಪೋರ್ಟ್ ಸರಿ ಬರುತ್ತದೋ ಇಲ್ಲವೋ ಎನ್ನುವುದು ಎಷ್ಟೋ ಸಲ ಮಷಿನ್‌ಗೆ ಹೋಗುವ ಮೊದಲೇ, ನಮ್ಮ ಕೈಯಲ್ಲೇ ತೀರ್ಮಾನ ಆಗಿರುತ್ತದೆ.

ನಾನು ಪಿಯುಸಿ ವಿಜ್ಞಾನ ಮುಗಿಸಿ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ ಮಾಡಿದೆ, ಅಂದರೆ ಡಿಎಂಎಲ್‌ಟಿ. ಪಿಯುಸಿ ವಿಜ್ಞಾನ ಓದಿದವರಿಗೆ ಇದು 2 ವರ್ಷದ ಕೋರ್ಸ್, ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಿಗೆ 3 ವರ್ಷ. ಸೇರುವ ಮೊದಲು ಒಂದೇ ವಿಷಯ ವಿಚಾರಿಸಿ: ಯಾವ ಆಸ್ಪತ್ರೆಯಲ್ಲಿ ಕೈ ಕೆಲಸ ಕಲಿಸುತ್ತಾರೆ, ಅಲ್ಲಿ ದಿನಾ ರೋಗಿಗಳು ಬರುತ್ತಾರಾ? ಕಟ್ಟಡ ಎಷ್ಟೇ ಚೆನ್ನಾಗಿರಲಿ, ರೋಗಿಗಳಿಲ್ಲದ ಕಡೆ ಈ ವಿದ್ಯೆ ಬರುವುದಿಲ್ಲ.

ಮೊದಲು ಕಲಿಸಿದ್ದು ರಬ್ಬರ್ ಕೈ ಮೇಲೆ. ಸೂಜಿಯನ್ನು 15ರಿಂದ 30 ಡಿಗ್ರಿ ಓರೆಯಾಗಿ ಹಿಡಿಯುವುದು, ಅದರ ಇಳಿಜಾರು ಬಾಯಿ ಮೇಲ್ಮುಖವಾಗಿ ಇರುವುದು, ಇಷ್ಟನ್ನು ಅಲ್ಲಿ ರೂಢಿ ಮಾಡಿಕೊಂಡೆವು. ಆಮೇಲೆ ಗೆಳತಿಯರು ಒಬ್ಬರ ಕೈ ಒಬ್ಬರು ಮುಟ್ಟಿ ನೋಡಿದೆವು. ಚುಚ್ಚಲಿಲ್ಲ, ಬರೀ ಮುಟ್ಟಿದೆವು. ನಮಗೆ ಕಲಿಸಿದ ಸೀನಿಯರ್ ಟೆಕ್ನಿಷಿಯನ್ ಕಣ್ಣು ಮುಚ್ಚಿಸಿ ನರ, ಅಂದರೆ ನಾವು ರಕ್ತ ತೆಗೆಯುವ ರಕ್ತನಾಳ, ಹುಡುಕಿಸುತ್ತಿದ್ದರು. ಮೊಣಕೈ ಮಡಿಕೆಯ ನಡುವೆ ಇರುವ ನರವೇ ನಮಗೆ ಮೊದಲ ಆಯ್ಕೆ. ಅದು ಒಂದೇ ಕಡೆ ಗಟ್ಟಿಯಾಗಿ ನಿಂತಿರುತ್ತದೆ, ನೋವೂ ಕಡಿಮೆ. ಹೆಬ್ಬೆರಳಿನ ಕಡೆಯದು ಎರಡನೇ ಆಯ್ಕೆ. ಕಿರುಬೆರಳಿನ ಕಡೆ ಇರುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು, ಯಾಕೆಂದರೆ ಅದರ ಹತ್ತಿರವೇ ಅಪಧಮನಿ, ಅಂದರೆ ಹೃದಯದಿಂದ ರಕ್ತ ತರುವ ನಾಳ, ಹಾದು ಹೋಗುತ್ತದೆ. ಒತ್ತಿದಾಗ ಒಳಗೆ ಹೋಗಿ ಮತ್ತೆ ಮೇಲೆ ಬರುವುದು ನಮಗೆ ಬೇಕಾದ ನರ. ಟಕ್ ಟಕ್ ಅಂತ ಬಡಿಯುವುದು ಅಪಧಮನಿ. ಹಗ್ಗದ ಹಾಗೆ ಗಟ್ಟಿ ಇದ್ದು ಒತ್ತಿದರೂ ಬಗ್ಗದಿದ್ದರೆ ಅದು ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು.

ಈ ಬೆರಳಿನ ಪಾಠ ನಮ್ಮ ಭಾಗದಲ್ಲಿ ಎಷ್ಟು ಬೇಕು ಅನ್ನುವುದು ವಾರ್ಡಿಗೆ ಹೋದ ಮೇಲೆ ತಿಳಿಯಿತು. ಮಾನ್ವಿ, ಸಿಂಧನೂರು, ದೇವದುರ್ಗದ ಕಡೆಯಿಂದ ಬರುವ ಅಜ್ಜಿಯರ ಮುಂಗೈ ತುಂಬ ಹಚ್ಚೆ ಇರುತ್ತದೆ. ಕಣ್ಣಿಗೆ ನರವೇ ಕಾಣುವುದಿಲ್ಲ. ಹತ್ತಿ ಬಿಡಿಸಿ, ಗದ್ದೆಯಲ್ಲಿ ನಾಟಿ ಮಾಡಿದವರ ಕೈಯ ಚರ್ಮ ಬಿಸಿಲಿಗೆ ದಪ್ಪವಾಗಿರುತ್ತದೆ. ಬೇಸಿಗೆಯಲ್ಲಂತೂ ಮೈಯಲ್ಲಿ ನೀರು ಕಡಿಮೆಯಾಗಿ ನರ ಕುಗ್ಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ ನೀರೂ ಮುಟ್ಟದೆ ಬಸ್ಸು ಹತ್ತಿ ಬರುವವರು ಬಹಳ ಜನ. ಹೀಗಾಗಿ ಹಿಂದಿನ ದಿನವೇ ಹೇಳುತ್ತೇನೆ, "ಬರೀ ನೀರು ಕುಡೀರಿ, ಏನಾಗಲ್ಲ." ಬಂದ ಮೇಲೆ "ಏನಾದರೂ ತಿಂದ್ರಾ?" ಅಂತ ಕೇಳಿದರೆ ಸಾಲದು. "ಚಾ ಕುಡಿದ್ರಾ?" ಅಂತ ಬೇರೆಯಾಗಿ ಕೇಳಲೇಬೇಕು. ಚಾ ಕುಡಿಯುವುದನ್ನು ನಮ್ಮ ಜನ ತಿನ್ನುವ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಲ್ವಾ?

ಇನ್ನು ಭಯ. "ಇಷ್ಟು ರಕ್ತ ತಗದ್ರ ನನ್ನ ಮೈಯಾಗ ಏನ್ ಉಳೀತೈತವ್ವಾ?" ಅಂತ ಕೇಳುವವರನ್ನು ಗದರಬಾರದು. ಅವರು ನಿಜವಾಗಿಯೇ ಹೆದರಿರುತ್ತಾರೆ. ನಾನು ಟ್ಯೂಬ್ ಅವರ ಕೈಗೇ ಕೊಟ್ಟು ಹೇಳುತ್ತೇನೆ, "ಅಮ್ಮಾ, ಮೈಯಾಗ ಸುಮಾರು 5 ಲೀಟರ್ ರಕ್ತ ಇರ್ತದ. ಇದು ಚಮಚದಷ್ಟು." ಅಷ್ಟು ಮಾತಾಡುವ ಹೊತ್ತಿಗೆ ಅವರ ಮುಷ್ಟಿ ಸಡಿಲವಾಗಿರುತ್ತದೆ. ಹಿಂದೆ ಯಾವಾಗಲಾದರೂ ರಕ್ತ ಕೊಡುವಾಗ ತಲೆ ತಿರುಗಿತ್ತಾ ಅಂತಲೂ ಕೇಳುತ್ತೇನೆ. ತಿರುಗಿತ್ತು ಅಂದರೆ ಕುರ್ಚಿ ಬೇಡ, ಮಲಗಿಸಿಯೇ ತೆಗೆಯುವುದು. ಡಯಾಲಿಸಿಸ್ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗಾಗಿ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಜಾಗ, ಇರುವ ಕೈಯನ್ನು ಮುಟ್ಟಬಾರದು. ಸಲೈನ್ ಹೋಗುತ್ತಿರುವ ಕೈಯಿಂದಲೂ ತೆಗೆಯಬಾರದು.

ಮೇಲ್ಗಡೆ ಬಿಗಿಯುವ ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಇರಬಾರದು. ರಕ್ತ ಅಲ್ಲೇ ನಿಂತು ಕೆಲವು ಅಂಶ ದಪ್ಪವಾಗಿ ಲೆಕ್ಕ ಏರುಪೇರಾಗುತ್ತದೆ. ಸ್ಪಿರಿಟ್ ಹಚ್ಚಿದ ಮೇಲೆ ಒಣಗಲು ಬಿಡಬೇಕು. ಒದ್ದೆ ಇರುವಾಗಲೇ ಚುಚ್ಚಿದರೆ ಉರಿಯೂ ಜಾಸ್ತಿ, ರಕ್ತದ ಕಣಗಳೂ ಒಡೆಯಬಹುದು. ಸಿರಿಂಜ್ ಜೋರಾಗಿ ಎಳೆದರೂ, ಟ್ಯೂಬ್ ಕುಲುಕಿದರೂ ಕಣಗಳು ಒಡೆಯುತ್ತವೆ. ಆಗ ಪೊಟ್ಯಾಷಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ.

ಟ್ಯೂಬ್‌ಗಳ ಸರದಿಯನ್ನು ಮುಚ್ಚಳದ ಬಣ್ಣ ಹಿಡಿದು ನಾನು ಬಾಯಿಪಾಠ ಮಾಡಿದ್ದೆ. ಬ್ಲಡ್ ಕಲ್ಚರ್ (ರಕ್ತದಲ್ಲಿ ಸೋಂಕಿನ ರೋಗಾಣು ಇದೆಯಾ ಅಂತ ನೋಡುವ ಪರೀಕ್ಷೆ) ಇದ್ದರೆ ಅದು ಮೊದಲು, ಆಮೇಲೆ ನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಕಾರಣ ಗೊತ್ತಾದ ಮೇಲೆ ಮರೆಯುವ ಮಾತೇ ಇಲ್ಲ. ನೇರಳೆ ಟ್ಯೂಬ್‌ನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎಯಲ್ಲಿ ಪೊಟ್ಯಾಷಿಯಂ ಇದೆ. ಅದು ತೊಟ್ಟಾದರೂ ಮುಂದಿನ ಟ್ಯೂಬಿಗೆ ಸೇರಿದರೆ ಪೊಟ್ಯಾಷಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ನೀಲಿ ಟ್ಯೂಬನ್ನು ಗೆರೆಯವರೆಗೆ ತುಂಬಲೇಬೇಕು, ಅದರಲ್ಲಿ ರಕ್ತ 9 ಪಾಲು, ಟ್ಯೂಬ್‌ನಲ್ಲಿ ಮೊದಲೇ ಇರುವ ಔಷಧ 1 ಪಾಲು.

ಮಳೆಗಾಲದಲ್ಲಿ ಡೆಂಗಿ ಶುರುವಾದರೆ ನೇರಳೆ ಟ್ಯೂಬ್ ಬಗ್ಗೆ ನನಗೆ ಎಲ್ಲಿಲ್ಲದ ಕಾಳಜಿ. ರಕ್ತ ತುಂಬಿದ ಕೂಡಲೇ 8ರಿಂದ 10 ಸಲ ನಿಧಾನವಾಗಿ ಮೇಲೆ ಕೆಳಗೆ ತಿರುಗಿಸಬೇಕು. ಸರಿಯಾಗಿ ಬೆರೆಯದೆ ಸಣ್ಣ ಗಡ್ಡೆ ಕಟ್ಟಿದರೂ ಪ್ಲೇಟ್ಲೆಟ್ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ. ಆ ಒಂದು ಸಂಖ್ಯೆ ನೋಡಿ ಮನೆಯವರು ಮಗುವನ್ನು ಎತ್ತಿಕೊಂಡು ದೊಡ್ಡ ಊರಿಗೆ ಗಾಡಿ ಮಾಡಿಕೊಂಡು ಹೊರಡುತ್ತಾರೆ. ಆ ಖರ್ಚಿಗೆ ಸಾಲ ಮಾಡುವ ಮನೆಗಳು ನಮ್ಮ ಸುತ್ತ ಎಷ್ಟಿಲ್ಲ? ಅರ್ಧ ನಿಮಿಷದ ಕೆಲಸ ಇದು, ದಯವಿಟ್ಟು ಬಿಡಬೇಡಿ.

ಹೆಸರಿನ ವಿಷಯವೂ ಇಷ್ಟೇ ಮುಖ್ಯ. "ನೀವು ಬಸಮ್ಮ ಅಲ್ವಾ?" ಅಂತ ಕೇಳಿದರೆ ಕಿವಿ ಕೇಳದವರೂ ಹೂಂ ಅನ್ನುತ್ತಾರೆ. "ನಿಮ್ಮ ಹೆಸರು ಹೇಳ್ರಿ, ಯಾವ ಊರು, ವಯಸ್ಸೆಷ್ಟು?" ಅಂತ ಕೇಳಿ ಚೀಟಿಗೆ ತಾಳೆ ನೋಡಬೇಕು. ಒಂದೇ ದಿನ ಒಂದೇ ಹೆಸರಿನವರು ಇಬ್ಬರು ಬರುವುದು ಇಲ್ಲಿ ಮಾಮೂಲು. ಲೇಬಲ್ ಅಂಟಿಸುವುದು ರಕ್ತ ತೆಗೆದ ಮೇಲೆ, ರೋಗಿ ಎದುರಿಗೇ ಇರುವಾಗ.

ನಮ್ಮ ಸುರಕ್ಷತೆಯ ಮಾತು. ಕೋರ್ಸ್ ಸೇರುತ್ತಿದ್ದ ಹಾಗೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಸೂಜಿ ಬಿಳಿ ಡಬ್ಬಿಗೆ, ಸಿರಿಂಜ್ ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. ಸೂಜಿ ಚುಚ್ಚಿಕೊಂಡರೆ ಹಿಂಡಬಾರದು, ಸೋಪು ನೀರಲ್ಲಿ ತೊಳೆದು ತಕ್ಷಣ ಡಾಕ್ಟರಿಗೆ ಹೇಳಬೇಕು. ಎಚ್ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಬೈಗುಳಕ್ಕೆ ಹೆದರಿ ಮುಚ್ಚಿಡುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಸೂಜಿ ತೆಗೆದ ಮೇಲೆ ಕೈ ಮಡಚಲು ಹೇಳಬೇಡಿ. ನೇರವಾಗಿಟ್ಟು ಎರಡು ಮೂರು ನಿಮಿಷ ಹತ್ತಿ ಒತ್ತಿ ಹಿಡಿಯಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಜಾಸ್ತಿ ಹೊತ್ತು ಒತ್ತಬೇಕು. ಎರಡು ಸಲ ಪ್ರಯತ್ನಿಸಿದರೂ ನರ ಸಿಗದಿದ್ದರೆ ನಾನು ಸೂಜಿ ಕೆಳಗಿಟ್ಟು ಇನ್ನೊಬ್ಬರನ್ನು ಕರೆಯುತ್ತೇನೆ. ಇವತ್ತಿಗೂ ಇದೇ ನನ್ನ ನಿಯಮ. ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲ ವಾರ ಸೂಜಿ ಕೊಡುವುದಿಲ್ಲ, ಬರೀ ಹೆಸರು ಕೇಳುವುದು, ಲೇಬಲ್ ಬರೆಯುವುದು, ನರ ಮುಟ್ಟಿ ನೋಡುವುದು ಮಾಡಿಸುತ್ತೇನೆ.