ಕೆರೆಯ ಒಂಬತ್ತು ಮೆಟ್ಟಿಲು

ನಮ್ಮ ತೋಟದ ಕೆರೆಗೆ ಒಂಬತ್ತು ಮೆಟ್ಟಿಲುಗಳಿವೆ. ಅಜ್ಜನ ಕಾಲದಲ್ಲಿ ಮುರಕಲ್ಲನ್ನೇ (ಜಂಬಿಟ್ಟಿಗೆ ಕಲ್ಲು) ಕಡಿದು ಮಾಡಿದವು. ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬಂದು ಕೆರೆಗೆ ಬೀಳುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತಲಿನ ಹಳೆಯ ಅಡಿಕೆ ತೋಟಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಲ್ಯದಲ್ಲಿ ಆ ಮೆಟ್ಟಿಲುಗಳನ್ನು ನಾನು ಎಣಿಸಿರಲಿಲ್ಲ, ಮೇಲಿನ ಕಟ್ಟೆಯಿಂದಲೇ ನೀರಿಗೆ ಹಾರುತ್ತಿದ್ದೆ. ಎಣಿಸಿದ್ದು ಎಡಗಾಲು ಹೋದ ಮೇಲೆ.

ಬೈಕ್ ಅಪಘಾತ, ಮಂಗಳೂರಿನ ಆಸ್ಪತ್ರೆ, ಮೊಣಕಾಲಿನಿಂದ ನಾಲ್ಕು ಬೆರಳು ಮೇಲಕ್ಕೆ ಕತ್ತರಿಸಿದ್ದು. ಅದರ ಬಗ್ಗೆ ಇಷ್ಟು ಸಾಕು. ಆರು ತಿಂಗಳ ಬಳಿಕ ಕಾಸರಗೋಡಿನಲ್ಲಿ ನನಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಒಂದು ದಿನ, "ನಿಮಗೆ ಈಜು ಬರುತ್ತದೆಯೇ?" ಎಂದು ಮಲಯಾಳದಲ್ಲಿ ಕೇಳಿದರು. "ಬರುತ್ತಿತ್ತು" ಎಂದೆ. ಸೊಂಟದವರೆಗಿನ ನೀರಿನಲ್ಲಿ ನಿಂತರೆ ದೇಹದ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಕುತ್ತಿಗೆಯವರೆಗೆ ಮುಳುಗಿದರೆ ಹತ್ತರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ ಎಂದು ಅವರು ವಿವರಿಸಿದರು. ಊರುಗೋಲಿನಿಂದ ನನ್ನ ಎರಡು ತೋಳಸಂದುಗಳೂ ಸೋತುಹೋಗಿದ್ದವು. 64 ಕಿಲೋದ ನಾನು ಆರು ಕಿಲೋ ಆಗಬಹುದೆಂಬ ಆಸೆ ಅಂದು ರಾತ್ರಿ ನಿದ್ದೆ ಕೊಡಲಿಲ್ಲ. ಆದರೂ ಗಾಯ ಪೂರ್ತಿ ಮಾಗಿ, ಹೊಲಿಗೆಯ ಗೆರೆಯಲ್ಲಿ ಎಲ್ಲಿಯೂ ಬಿರುಕಿಲ್ಲವೆಂದು ವೈದ್ಯರು ನೋಡಿ ಹೇಳುವವರೆಗೆ ನೀರಿಗೆ ಇಳಿಯಲಿಲ್ಲ. ಇದರಲ್ಲಿ ಅವಸರ ಸಲ್ಲದು.

ಈಜುವುದಕ್ಕಿಂತ ನೀರನ್ನು ತಲುಪುವುದೇ ಕಷ್ಟ ಎಂಬುದು ಮೊದಲ ದಿನವೇ ತಿಳಿಯಿತು. ಊರುಗೋಲಿನ ರಬ್ಬರ್ ಬುಡ ಪಾಚಿ ಹಿಡಿದ ಮುರಕಲ್ಲಿನ ಮೇಲೆ ನಿಲ್ಲುವುದಿಲ್ಲ. ಕೃತಕ ಕಾಲಿನಲ್ಲಿ ಇಳಿಯೋಣವೆಂದರೆ ನನ್ನದರಲ್ಲಿ ಮೊಣಕಾಲಿನ ಜಾಗದಲ್ಲಿ ಲೋಹದ ಕೀಲು ಇದೆ, ನೀರು ತಾಗಿದರೆ ಅದು ಕೆಡುತ್ತದೆ. ಮೊಣಕಾಲಿನ ಕೆಳಗೆ ಮಾತ್ರ ಕಳೆದುಕೊಂಡು ಜೈಪುರ ಪಾದ ಹಾಕಿಕೊಂಡವರು ಕೆಸರುಗದ್ದೆಗೂ ಇಳಿಯುತ್ತಾರೆ, ನನಗೆ ಆ ಅನುಕೂಲವಿಲ್ಲ. ಆದ್ದರಿಂದ ಕೃತಕ ಕಾಲನ್ನು ಕಟ್ಟೆಯ ಮೇಲೆ ಬಿಚ್ಚಿಟ್ಟು, ಬೈರಾಸು ಮುಚ್ಚಿ, ಕುಳಿತುಕೊಂಡೇ ಇಳಿಯತೊಡಗಿದೆ. ಎರಡು ಅಂಗೈ ಊರಿ ಸೊಂಟ ಎತ್ತಿ ಒಂದು ಮೆಟ್ಟಿಲು, ಮತ್ತೆ ಊರಿ ಇನ್ನೊಂದು. ಮುರಕಲ್ಲು ಒರಟು. ಮೂರನೆಯ ಮೆಟ್ಟಿಲಿನಲ್ಲಿ ಮೊಂಡಿನ, ಅಂದರೆ ಕತ್ತರಿಸಿ ಉಳಿದ ಕಾಲಿನ, ತುದಿ ತರಚಿತು, ಆ ಸಣ್ಣ ಗಾಯಕ್ಕಾಗಿ ಎರಡು ವಾರ ಕೆರೆಯತ್ತ ಹೋಗಲಾಗಲಿಲ್ಲ.

ಆ ಎರಡು ವಾರಗಳಲ್ಲಿ ದಾರಿಯನ್ನು ಸರಿಪಡಿಸಿದೆ. ಅಕ್ಕನ ಮಗ ಮರಳು ಹಾಕಿ ಹಿಡಿಸೂಡಿಯಿಂದ ಪಾಚಿಯನ್ನು ಉಜ್ಜಿ ತೆಗೆದ. ಪ್ರತಿ ಮೆಟ್ಟಿಲಿಗೂ ಒದ್ದೆ ಗೋಣಿ ಹಾಸಿದೆವು. ಒದ್ದೆಯಾದ ಗೋಣಿ ಕಲ್ಲಿಗೆ ಕಚ್ಚಿ ನಿಲ್ಲುತ್ತದೆ. ವೆಲ್ಡಿಂಗ್‌ನವರನ್ನು ಕರೆಸಿ ಬಲಬದಿಗೆ ಕಬ್ಬಿಣದ ಪೈಪಿನ ಕೈಹಿಡಿ ಹಾಕಿಸಿದೆ, ಕೊನೆಯ ತುದಿ ನೀರಿನೊಳಗೆ ಎರಡು ಅಡಿ ಇಳಿಯುವಂತೆ. ಹತ್ತಿಯ ದಪ್ಪ ಕಾಲುಚೀಲವೊಂದನ್ನು ಮೊಂಡಿಗೆ ಕವಚವಾಗಿ ತೊಟ್ಟುಕೊಂಡೆ.

ಒಮ್ಮೆ ಕಲಿತ ಈಜು ಮರೆಯುವುದಿಲ್ಲ ಎನ್ನುತ್ತಾರೆ. ನನ್ನ ಮೈ ಮರೆತಿರಲಿಲ್ಲ ನಿಜ, ಆದರೆ ಅದಕ್ಕೆ ನೆನಪಿದ್ದದ್ದು ಎರಡು ಕಾಲಿನ ಈಜು. ಇಡೀ ಕಾಲೆಂದರೆ ದೇಹದ ತೂಕದ ಸುಮಾರು ಆರರಲ್ಲೊಂದು ಪಾಲು. ಅದರ ಸುಮಾರು ಅರ್ಧದಷ್ಟು ಒಂದೇ ಬದಿಯಲ್ಲಿ ಇಲ್ಲವಾದರೆ ನೀರು ಆ ಲೆಕ್ಕವನ್ನು ತಕ್ಷಣ ಕೇಳುತ್ತದೆ. ಅಂಗಾತ ಮಲಗಿದೊಡನೆ ಬಲಬದಿ ಕೆಳಕ್ಕೆ ಜಗ್ಗಿತು, ಎಡಸೊಂಟ ಮೇಲೆದ್ದಿತು, ನಾನು ಮಗುಚಿಕೊಂಡೆ. ಬಲಗಾಲು ಬಡಿದರೆ ಒಂದೇ ಹುಟ್ಟು ಹಾಕಿದ ದೋಣಿಯಂತೆ ಎಡಕ್ಕೆ ತಿರುಗಿ ದಂಡೆಗೆ ಬಡಿಯುತ್ತಿದ್ದೆ. ಇನ್ನೊಂದು ಸಂಗತಿಗೆ ನಾನು ಸಿದ್ಧನಿರಲಿಲ್ಲ. ಸುರಂಗದ ತಣ್ಣೀರಿನಲ್ಲಿ, ಇಲ್ಲದ ಎಡಪಾದದ ಅಡಿಯೂ ತಣ್ಣಗಾಯಿತು. ದಂಡೆಗೆ ಬಂದು ಪೈಪು ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತೆ. "ಏನಾಯಿತು ಮಾವ?" ಎಂದು ಹುಡುಗ ಕೇಳಿದ. ಅವನಿಗೆ ಏನು ಹೇಳಲಿ?

ಕಲಿಕೆ ಮೊದಲಿನಿಂದ ಶುರುವಾಯಿತು, ಅದೂ ನಮ್ಮ ಹಳೆಯ ಪದ್ಧತಿಯಲ್ಲೇ. ಎರಡು ಒಣ ತೆಂಗಿನಕಾಯಿಗಳ ಸಿಪ್ಪೆ ಎಬ್ಬಿಸಿ ಒಂದಕ್ಕೊಂದು ಕಟ್ಟಿ ಎದೆಯ ಕೆಳಗೆ ಇಟ್ಟುಕೊಂಡೆ. ಊರಿನ ಮಕ್ಕಳೆಲ್ಲ ಹೀಗೆಯೇ ಕಲಿತವರು. ಆದರೆ ನನಗೆ ಕಾಯಿಗಳು ನಟ್ಟನಡುವೆ ಇದ್ದರೆ ಪ್ರಯೋಜನವಿಲ್ಲ, ಜಗ್ಗುವ ಬಲಬದಿಗೆ ಒಂದಿಷ್ಟು ಸರಿಸಿದಾಗ ಮೈ ಸಮವಾಯಿತು. ಮೊದಲ ತಿಂಗಳು ಬೇರೇನೂ ಮಾಡಲಿಲ್ಲ, ತೇಲುವುದಷ್ಟೇ. ಅಂಗಾತ ಮಲಗಿದಾಗ ಎಡಗೈಯನ್ನು ಭುಜದ ನೇರಕ್ಕೆ ದೂರ ಚಾಚಿದರೆ ತಕ್ಕಡಿಯ ಎಡತಟ್ಟೆಗೆ ತೂಕ ಇಟ್ಟಂತಾಗುತ್ತದೆ. ಬಲಗಾಲನ್ನು ಅದರ ಜಾಗದಲ್ಲಿ ಬಡಿಯದೆ ದೇಹದ ನಡುಗೆರೆಗೆ ತಂದು ಮೀನಿನ ಬಾಲದಂತೆ ಮೆಲ್ಲಗೆ ಆಡಿಸಬೇಕು, ಆಗ ತಿರುಗುವುದು ನಿಲ್ಲುತ್ತದೆ. ಇದನ್ನು ಕಂಡುಕೊಳ್ಳಲು ನನಗೆ ಹಿಡಿದದ್ದು ಐದು ವಾರ.

ಬೋರಲು ಈಜಿನಲ್ಲಿ ಉಸಿರಿನದೇ ತೊಡಕು. ಮೊದಲೆಲ್ಲ ನಾನು ಬಲಕ್ಕೆ ಮುಖ ತಿರುಗಿಸಿ ಉಸಿರೆಳೆಯುತ್ತಿದ್ದೆ. ಈಗ ಬಲಬದಿ ಮುಳುಗುತ್ತದೆ, ಬಾಯಿಗೆ ಗಾಳಿಯ ಬದಲು ನೀರು ಬರುತ್ತದೆ. ಎಡಕ್ಕೆ ತಿರುಗಿ ನೋಡಿದರೆ ಮುಖ ತಾನಾಗಿ ಮೇಲೆ ಬಂದಿತು. ಅಷ್ಟು ಸರಳವಾದದ್ದು ಹೊಳೆಯಲು ಎಷ್ಟು ಗುಟುಕು ನೀರು ಕುಡಿದೆನೋ! ಬೋರಲು ಈಜಿನಲ್ಲಿ ಮುಂದಕ್ಕೆ ಒಯ್ಯುವ ಬಲದ ಬಹುಪಾಲು ತೋಳುಗಳದ್ದೇ, ಊರುಗೋಲು ಹಿಡಿದು ಗಟ್ಟಿಯಾದ ತೋಳುಗಳು ಇಲ್ಲಿ ಉಪಯೋಗಕ್ಕೆ ಬಂದವು. ಕಪ್ಪೆ ಈಜು ಮಾತ್ರ ಇಂದಿಗೂ ಒಲಿದಿಲ್ಲ. ಅದು ಕಾಲನ್ನು ಬಹಳವಾಗಿ ನಂಬಿದ ಈಜು.

ಆ ದಿನಗಳಲ್ಲಿ ಮುರಳಿಕಾಂತ್ ಪೇಟ್ಕರ್ ಅವರ ಬಗ್ಗೆ ಓದಿದೆ. ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರಿರುವ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯವರು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ತೆಗೆದುಕೊಂಡ ಸಮಯ 37.33 ಸೆಕೆಂಡು. ನಮ್ಮ ಕೆರೆಯ ಉದ್ದ 12 ಮೀಟರ್. ಎರಡು ಸಲ ಹೋಗಿ ಬಂದರೂ 50 ಆಗುವುದಿಲ್ಲ, ನನಗೆ ಅದಕ್ಕೇ ಎರಡು ನಿಮಿಷ ಬೇಕು. ಆದರೂ ಪ್ರತಿದಿನ ಗಡಿಯಾರ ನೋಡುತ್ತೇನೆ.

ನನ್ನಿಂದ ಆದ ಒಂದು ತಪ್ಪನ್ನು ಹೇಳಲೇಬೇಕು. ತೇಲಲು ಬಂದ ಖುಷಿಯಲ್ಲಿ ಒಂದು ದಿನ ಮುಕ್ಕಾಲು ಗಂಟೆ ನೀರಿನಲ್ಲೇ ಇದ್ದೆ. ಮೇಲೆ ಬಂದು ಹರಟುತ್ತಾ ಕುಳಿತೆ. ಆಮೇಲೆ ನೋಡಿದರೆ ಮೊಂಡು ಊದಿ, ಕೃತಕ ಕಾಲಿನ ಸಾಕೆಟ್‌ನೊಳಗೆ ಹೋಗಲೇ ಇಲ್ಲ. ಭಾವ ಮತ್ತು ಅಕ್ಕನ ಮಗ ಸೇರಿ ಕುರ್ಚಿಯಲ್ಲಿ ಕೂರಿಸಿ ಮನೆಗೆ ಹೊತ್ತು ತಂದರು. ಬಿಗಿತ ತೆಗೆದ ಮೊಂಡು ಊದುವುದು ಸಹಜ, ಅದನ್ನು ನಾನು ಮರೆತಿದ್ದೆ. ಈಗ ಇಪ್ಪತ್ತು ನಿಮಿಷಕ್ಕೆ ಮೇಲೇಳುತ್ತೇನೆ. ಒಳ್ಳೆಯ ನೀರಿನಲ್ಲಿ ತೊಳೆದು, ಮಡಿಕೆಗಳಲ್ಲಿ ತೇವ ಉಳಿಯದಂತೆ ಒರೆಸಿ, ಕೂಡಲೇ ಕ್ರೇಪ್ ಬ್ಯಾಂಡೇಜನ್ನು 8ರ ಆಕಾರದಲ್ಲಿ, ತುದಿಯಲ್ಲಿ ಬಿಗಿಯಾಗಿ, ಮೇಲಕ್ಕೆ ಹೋದಂತೆ ಸಡಿಲವಾಗಿ ಸುತ್ತುತ್ತೇನೆ.

ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬರುವ ಮಿದುಳು ಜ್ವರದ ಸುದ್ದಿ ಮೇಲಿಂದ ಮೇಲೆ ಬಂದಾಗ ಮನೆಯಲ್ಲಿ ಈಜೇ ಬೇಡವೆಂದರು. ಅವರ ಹೆದರಿಕೆ ಸುಳ್ಳಲ್ಲ. ಅದು ನೀರು ಕುಡಿದರೆ ಬರುವುದಲ್ಲ, ನಿಂತ ನೀರು ಮೂಗಿನ ಮೂಲಕ ಒಳಹೊಕ್ಕಾಗ ಬರುವುದು. ಕೆರೆ ಬತ್ತಿಸಿ ತಳದ ಕೆಸರು ತೆಗೆಸಿದೆ. ಮೂಗಿಗೆ ಕ್ಲಿಪ್ ಇಲ್ಲದೆ ಇಳಿಯುವುದಿಲ್ಲ, ಧುಮುಕುವುದಿಲ್ಲ, ಎಪ್ರಿಲ್ ಹೊತ್ತಿಗೆ ನೀರು ಇಳಿದು ಬಿಸಿಯಾದರೆ ಮಳೆ ಬರುವವರೆಗೆ ನಿಲ್ಲಿಸುತ್ತೇನೆ. ಈಜಿದ ಬಳಿಕ ಜ್ವರವೂ ಜೋರು ತಲೆನೋವೂ ಬಂದರೆ ಈಜಿದ್ದನ್ನು ವೈದ್ಯರಿಗೆ ಮೊದಲು ಹೇಳಬೇಕೆಂದು ಮನೆಯವರಿಗೆಲ್ಲ ತಿಳಿಸಿದ್ದೇನೆ. ಹೊಳೆಗಂತೂ ಇಳಿಯುವುದೇ ಇಲ್ಲ. ಶಿರಿಯ ಹೊಳೆಯ ಸೆಳೆತದಲ್ಲಿ ಒಂಟಿಕಾಲನ್ನು ಊರಿ ನಿಲ್ಲಲಾಗದು. ಕೆರೆಯಲ್ಲೂ ದಂಡೆಯ ಮೇಲೆ ಈಜು ಬಲ್ಲ ಒಬ್ಬರು ಹಗ್ಗ ಹಿಡಿದು ಇರಲೇಬೇಕು.

ನೀರಿನಿಂದ ಏಳುವ ಗಳಿಗೆ ಇನ್ನೂ ಕಠಿಣವಾಗಿಯೇ ಇದೆ. ಆರು ಕಿಲೋ ಆಗಿದ್ದ ಮೈ ಒಂದೊಂದೇ ಮೆಟ್ಟಿಲಿಗೆ ಮತ್ತೆ 64 ಆಗುತ್ತದೆ, ತೋಳು ನಡುಗುತ್ತವೆ. ನಡುವೆ ಎಲ್ಲಾದರೂ ದಣಿವಾರಿಸಿಕೊಳ್ಳಬೇಕು. ಈ ಬಾರಿ ಮಳೆಗಾಲಕ್ಕೆ ಮೊದಲು ನಾಲ್ಕನೆಯ ಮೆಟ್ಟಿಲನ್ನು ಅಗಲ ಮಾಡಿಸುತ್ತಿದ್ದೇನೆ. ಅಳತೆಗೆ ಬಂದ ಮೇಸ್ತ್ರಿ, ಉಳಿದವೆಲ್ಲ ಒಂದಡಿ ಇರುವಾಗ ಇದೊಂದು ಮಾತ್ರ ಎರಡೂವರೆ ಅಡಿ ಏಕೆ ಎಂದು ಕೇಳಿದರು. ನಾನು ಅಲ್ಲೇ ಕುಳಿತು, ಕೈ ಊರಿ, ಬಲಗಾಲು ಚಾಚಿ ತೋರಿಸಿದೆ. ಅವರು ಟೇಪು ಮತ್ತೆ ಎಳೆದು ಮೂರು ಅಡಿಗೆ ಗುರುತು ಹಾಕಿದರು.