ಕ್ಯಾಂಪಸ್‌ಗೆ ಹೊರಗಿನ ಅತಿಥಿಯನ್ನು ಕರೆಯುವುದು ಹೇಗೆ?

ಕಾಸರಗೋಡಿನ ಕಾಲೇಜುಗಳಲ್ಲಿ ಕನ್ನಡ ಸಂಘದವರು ಒಂದು ಕಾರ್ಯಕ್ರಮ ಮಾಡಬೇಕೆಂದರೆ ಹೊರಗಿನವರನ್ನು ಕರೆಯದೆ ಆಗುವುದಿಲ್ಲ. ಮಂಗಳೂರಿನಿಂದ ಉಪನ್ಯಾಸಕರು, ಪುತ್ತೂರಿನಿಂದ ತಾಳಮದ್ದಳೆಯಲ್ಲಿ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ಪಾತ್ರಗಳ ಮಾತಾಡುವ ಅರ್ಥಧಾರಿಗಳು, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯಿಂದ ಭಾಗವತರು, ಚೆಂಡೆ ಮದ್ದಳೆಯವರು ಬರಬೇಕು. ಕರೆಸಿಕೊಂಡ ಹಿರಿಯರು ಬಿಸಿಲಿನಲ್ಲಿ ಗೇಟಿನ ಹೊರಗೆ ನಿಂತಿರುವುದು, ಒಳಗೆ ಸಂಘದ ಕಾರ್ಯದರ್ಶಿ ಒಂದು ಸಹಿಗಾಗಿ ಕೊಠಡಿಯಿಂದ ಕೊಠಡಿಗೆ ಓಡುವುದು ತಪ್ಪಬೇಕಾದರೆ ಕಾಗದದ ಕೆಲಸ ಮೊದಲೇ ಮುಗಿದಿರಬೇಕು.

ಕಾಗದ ಬೇಕಾಗುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಹೊತ್ತು, ಜಾಗ, ಸುರಕ್ಷತೆಯ ಬಗ್ಗೆ ಸಂಸ್ಥೆ ನಿಯಮ ಮಾಡಬಹುದು, ಮಾಡಲೂಬೇಕು. ಆದರೆ ಸುರಕ್ಷತೆಯ ಹೆಸರು ಹೇಳಿ ತನಗೆ ಹಿಡಿಸದ ಮಾತನ್ನು ಗೇಟಿನಲ್ಲೇ ತಡೆಯುವುದು ಅನ್ಯಾಯ. ಇವುಗಳಲ್ಲಿ ಯಾವುದು ನಡೆಯುತ್ತಿದೆ ಎಂದು ತೋರಿಸಿಕೊಡಲು ಅರ್ಜಿ, ಉತ್ತರ, ಕಾರಣ ಮೂರೂ ಬರಹದಲ್ಲಿ ಇರಬೇಕು.

ಮೊದಲು ನಿಯಮಾವಳಿ ಓದಿ

ನಿಮ್ಮ ಸಂಸ್ಥೆ ಯಾರ ಅಧೀನದಲ್ಲಿದೆ ಎಂಬುದನ್ನು ತಿಳಿದುಕೊಳ್ಳುವುದರಿಂದ ಶುರುಮಾಡಿ. ಕಾಸರಗೋಡಿನ ಸರಕಾರಿ ಕಾಲೇಜು ಮತ್ತು ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿ ಅನುಮತಿ ಕೊಡುವವರು ಪ್ರಾಂಶುಪಾಲರು. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆಯಿಂದ ಹುಟ್ಟಿದ್ದು, ಅದರ ಆಡಳಿತ ಕ್ರಮವೇ ಬೇರೆ. ಸಂವಿಧಾನದ ಮೂಲಭೂತ ಹಕ್ಕುಗಳನ್ನು ಇಂಥ ಸರಕಾರಿ ಸಂಸ್ಥೆಗಳ ಎದುರು ನೇರವಾಗಿ ಎತ್ತಬಹುದು. ಖಾಸಗಿ ಕಾಲೇಜಿನಲ್ಲಿ ಆ ದಾರಿ ಅಷ್ಟು ನೇರವಾಗಿಲ್ಲ, ಪ್ರವೇಶದ ಹೊತ್ತಿನಲ್ಲಿ ನೀವು ಸಹಿ ಹಾಕಿದ ನಿಯಮಗಳಿಗೇ ಅಲ್ಲಿ ಹೆಚ್ಚು ತೂಕ.

ನಿಯಮ ಪುಸ್ತಕದ ಪ್ರತಿಯನ್ನು ಕಚೇರಿಯಲ್ಲಿ ಕೇಳಿ ತೆಗೆದುಕೊಳ್ಳಿ. ‘ಇಲ್ಲಿ ಹಾಗೆ ಬಿಡುವುದಿಲ್ಲ’ ಎಂಬುದು ಬಾಯಿಮಾತಿನ ನಿಯಮವೋ ಅಚ್ಚಾದ ನಿಯಮವೋ ಎಂಬುದು ಆಗಲೇ ಗೊತ್ತಾಗುವುದು.

ಹಕ್ಕು ಎಲ್ಲಿಯ ತನಕ?

ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯವನ್ನು, ಶಸ್ತ್ರಗಳಿಲ್ಲದೆ ಶಾಂತವಾಗಿ ಸೇರುವ ಹಕ್ಕನ್ನು, ಸಂಘ ಕಟ್ಟುವ ಹಕ್ಕನ್ನು ಕೊಟ್ಟಿದೆ. ಕಾಲೇಜಿಗೆ ಸೇರಿದ ಕೂಡಲೇ ಇವು ಕಳೆದುಹೋಗುವುದಿಲ್ಲ. ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿದ್ದು ಕೇರಳದ್ದೇ ಪ್ರಕರಣದಲ್ಲಿ. ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಗೆ ಹಾಕಿದ್ದ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯ ಪರವಾಗಿ ಕೇರಳ ಹೈಕೋರ್ಟ್ 2019ರಲ್ಲಿ ತೀರ್ಪಿತ್ತು, ಇಂಟರ್‌ನೆಟ್ ಬಳಕೆಯನ್ನು ಶಿಕ್ಷಣದ ಹಕ್ಕಿನ ಭಾಗವೆಂದು ಕಂಡಿತು.

ಇನ್ನೊಂದು ಬದಿಯನ್ನೂ ತಿಳಿದಿರಬೇಕು. ಸೇರುವ ಹಕ್ಕು ಇದೆ ಎಂದ ಮಾತ್ರಕ್ಕೆ ಇನ್ನೊಬ್ಬರ ಆವರಣದಲ್ಲಿ ಕೇಳದೆ ಸಭೆ ನಡೆಸುವಂತಿಲ್ಲ; ರೈಲ್ವೆ ನೌಕರನೊಬ್ಬನ ಪ್ರಕರಣದಲ್ಲಿ 1969ರಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಕಾಲೇಜು ತನ್ನ ಆವರಣದಲ್ಲಿ ರಾಜಕೀಯ ಚಟುವಟಿಕೆ ಬೇಡವೆನ್ನಬಹುದು ಎಂದು 2003ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಪಾಠಕ್ಕೆ ಅಡ್ಡಿಯಾಗುವ ಧರಣಿ, ಘೇರಾವ್, ಮೆರವಣಿಗೆ ಸಲ್ಲದೆಂದು 2020ರಲ್ಲಿ ಮತ್ತೆ ಹೇಳಿತು. ಹಾಗಾಗಿ ನಿಮ್ಮ ಅರ್ಜಿಯಲ್ಲಿ ‘ಪಾಠದ ಹೊತ್ತಿಗೆ ತೊಂದರೆಯಿಲ್ಲ’ ಎಂಬ ಸಾಲು ಇರಲೇಬೇಕು, ಅದು ನಿಜವೂ ಆಗಿರಬೇಕು.

ಅರ್ಜಿ ಬರೆಯುವ ಕ್ರಮ

ಕಾರ್ಯಕ್ರಮಕ್ಕೆ ಕನಿಷ್ಠ ಹತ್ತು ದಿನ ಮೊದಲು ಅರ್ಜಿ ಕೊಡಿ. ದಿನಾಂಕ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಬೇಕಾದ ಸಭಾಂಗಣ, ಅತಿಥಿಯ ಹೆಸರು ಮತ್ತು ಊರು, ಜತೆಗೆ ಬರುವವರ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ಮಾತಿನ ವಿಷಯ, ಹೊಣೆ ಹೊತ್ತ ಅಧ್ಯಾಪಕರ ಹೆಸರು ಎಲ್ಲವನ್ನೂ ಬರೆಯಿರಿ. ತಾಳಮದ್ದಳೆಯಾದರೆ ಅರ್ಥಧಾರಿಗಳನ್ನು ಮಾತ್ರ ಬರೆದು ಹಾಡು, ವಾದ್ಯದ ಹಿಮ್ಮೇಳದವರನ್ನು ಬಿಡಬೇಡಿ. ಗೇಟಿನಲ್ಲಿ ಉಳಿದುಹೋಗುವವರು ಹೆಚ್ಚಾಗಿ ಅವರೇ. ವಿಷಯವನ್ನು ಮುಚ್ಚಿಡಬೇಡಿ. ‘ಸಾಹಿತ್ಯ ಗೋಷ್ಠಿ’ ಎಂದು ಬರೆದು ಬೇರೇನನ್ನೋ ಮಾಡಿದರೆ ಮುಂದಿನ ವರ್ಷದವರ ಅರ್ಜಿಯನ್ನು ಯಾರೂ ನಂಬುವುದಿಲ್ಲ.

ಸರಕಾರಿ ಕಾಲೇಜಿಗೆ ಕೊಡುವ ಅರ್ಜಿ ಕನ್ನಡದಲ್ಲೇ ಇರಬಹುದು. ಕೇರಳದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ರಾಜ್ಯ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಬಳಸದ ಹಕ್ಕು ಇದ್ದೂ ಇಲ್ಲದಂತೆ, ಆದ್ದರಿಂದ ಕನ್ನಡದಲ್ಲೇ ಬರೆಯಿರಿ ಎನ್ನುತ್ತೇನೆ. ಕೆಲಸ ಬೇಗ ಆಗಲೆಂದು ಮಲಯಾಳ ಅಥವಾ ಇಂಗ್ಲಿಷ್ ಪ್ರತಿಯೊಂದನ್ನು ಜತೆಗಿಟ್ಟರೆ ತಪ್ಪೇನೂ ಇಲ್ಲ. ಪೆರಿಯದ ವಿಶ್ವವಿದ್ಯಾಲಯ ಕೇಂದ್ರದ ಅಧೀನದಲ್ಲಿರುವುದರಿಂದ ಅಲ್ಲಿಗೆ ಇಂಗ್ಲಿಷಿನಲ್ಲಿ ಕೊಡುವುದೇ ಸುಲಭ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಮುದ್ರೆ ಹಾಕಿಸಿಕೊಳ್ಳಿ. ‘ನೋಡೋಣ, ಹೇಳುತ್ತೇವೆ’ ಎಂಬ ಉತ್ತರ ನಂಬಿ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಡಿ. ಇಂಥ ದಿನದೊಳಗೆ ಉತ್ತರ ಬೇಕೆಂದು ಅರ್ಜಿಯಲ್ಲೇ ವಿನಯದಿಂದ ಬರೆದಿರಿ.

ಕೆಲವು ಕಡೆ ಸಂಘಟಕರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ರೂಢಿಯಿದೆ. ಸಹಿ ಹಾಕುವ ಮೊದಲು ಪೂರ್ತಿ ಓದಿ. ಸಭಾಂಗಣದ ಸಾಮಾನು, ಸಮಯ, ಸ್ವಚ್ಛತೆ, ಶಿಸ್ತಿನ ಹೊಣೆ ನಿಮ್ಮದೆಂದು ಒಪ್ಪಿಕೊಳ್ಳಬೇಕಾದ್ದೇ. ‘ಅತಿಥಿ ಆಡುವ ಪ್ರತಿಯೊಂದು ಮಾತಿಗೂ ವಿದ್ಯಾರ್ಥಿಯೇ ಜವಾಬ್ದಾರ’ ಎಂಬ ಸಾಲಿದ್ದರೆ ಅದನ್ನು ತೆಗೆಯುವಂತೆ ಕೇಳಿ. ಇನ್ನೊಬ್ಬರ ನಾಲಗೆಗೆ ಹತ್ತೊಂಬತ್ತರ ಹುಡುಗಿಯಿಂದ ಜಾಮೀನು ಬರೆಸಿಕೊಳ್ಳುವುದು ನ್ಯಾಯವಲ್ಲ.

ಗೇಟಿನಲ್ಲಿ

ಅನುಮತಿ ಪತ್ರದ ಒಂದು ಪ್ರತಿಯೂ ಅತಿಥಿಗಳ ಪಟ್ಟಿಯೂ ಹಿಂದಿನ ದಿನವೇ ಭದ್ರತಾ ಸಿಬ್ಬಂದಿಯ ಕೈಸೇರಬೇಕು. ಪಟ್ಟಿ ಮಲಯಾಳದಲ್ಲೂ ಇರಲಿ, ಪಾಳಿ ಬದಲಾದಾಗ ಹೊಸಬರು ಓದುವಂತಿರಬೇಕು. ಕನ್ನಡ, ಮಲಯಾಳ ಎರಡೂ ಬಲ್ಲ ಒಬ್ಬ ವಿದ್ಯಾರ್ಥಿ ಅಲ್ಲೇ ನಿಲ್ಲಲಿ. ತುಳುವೂ ಬಂದರೆ ಇನ್ನೂ ಒಳ್ಳೆಯದು, ಎಷ್ಟೋ ಬಿಗುವು ಒಂದೇ ತುಳು ಮಾತಿಗೆ ಸಡಿಲವಾಗುತ್ತದೆ.

ಹೆಸರು, ಹೊತ್ತು, ಯಾರನ್ನು ಕಾಣಲು ಬಂದದ್ದು, ಸಂಪರ್ಕ ಸಂಖ್ಯೆ ಇಷ್ಟನ್ನು ಪುಸ್ತಕದಲ್ಲಿ ಬರೆಸಿಕೊಳ್ಳುವುದು ಸರಿಯಾದ ಕ್ರಮ. ವಿದ್ಯಾರ್ಥಿಗಳ ಸುರಕ್ಷತೆಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2015ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಸಂದರ್ಶಕರ ದಾಖಲೆ, ಗುರುತಿನ ಪರಿಶೀಲನೆ, ಮಹಿಳೆಯರ ತಪಾಸಣೆಗೆ ಮಹಿಳಾ ಸಿಬ್ಬಂದಿ ಇರಬೇಕೆಂಬ ಮಾತಿದೆ. ಗುರುತಿನ ಚೀಟಿ ತೋರಿಸಿದರೆ ಸಾಕು, ಮೂಲ ಚೀಟಿಯನ್ನು ಗೇಟಿನಲ್ಲಿ ಬಿಟ್ಟು ಹೋಗಬೇಡಿ. ಆಧಾರ್ ಪ್ರತಿಯನ್ನೇ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಆಧಾರ್ ಕೊಡಲು ಅತಿಥಿಗೆ ಮೊದಲೇ ತಿಳಿಸಿ. ಹಳೆ ವಿದ್ಯಾರ್ಥಿಗಳೂ ಇಲ್ಲಿ ಹೊರಗಿನವರೇ, ಅವರೂ ಸಹಿ ಹಾಕಲಿ.

ಅನುಮತಿಯಿಲ್ಲದೆ ಒಳಬಂದವರೆಲ್ಲ ಅಪರಾಧಿಗಳಲ್ಲ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಪ್ರಕಾರ ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇದ್ದರೆ ಮಾತ್ರ ಅದು ಅಪರಾಧಿಕ ಅತಿಕ್ರಮ ಪ್ರವೇಶ. ಹಾಗೆಂದು ಹೊರಗೆ ಹೋಗಿ ಎಂದ ಮೇಲೆ ಹಟಹಿಡಿದು ನಿಲ್ಲುವುದು ಬೇಡ. ಕುಲಪತಿಗಳ ಅಪ್ಪಣೆಯಿಲ್ಲದೆ ಪೊಲೀಸರು ಕ್ಯಾಂಪಸ್ಸಿಗೆ ಬರುವಂತಿಲ್ಲ ಎಂಬ ನಂಬಿಕೆಯೂ ವಿದ್ಯಾರ್ಥಿಗಳಲ್ಲಿ ಗಟ್ಟಿಯಾಗಿದೆ. ಅದು ನಡೆದುಬಂದ ಮರ್ಯಾದೆ. ಗಂಭೀರ ಅಪರಾಧ ನಡೆದಾಗ ಕಾನೂನು ಅವರನ್ನು ತಡೆಯುವುದಿಲ್ಲ.

ಬಂದ ಸಂದರ್ಶಕರಿಂದಲೇ ಲೈಂಗಿಕ ಕಿರುಕುಳವಾದರೆ ‘ಅವರು ನಮ್ಮವರಲ್ಲ’ ಎಂದು ಸಂಸ್ಥೆ ಕೈತೊಳೆದುಕೊಳ್ಳುವಂತಿಲ್ಲ. ಯುಜಿಸಿಯ 2015ರ ನಿಯಮಗಳಲ್ಲಿ ಹೊರಗಿನವರಿಂದ ಆಗುವ ಕಿರುಕುಳವೂ ಸೇರಿದೆ. ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು.

ಮೈಕು ಮತ್ತು ಜನಸಂದಣಿ

ವಿದ್ಯಾಸಂಸ್ಥೆಯ ಸುತ್ತಲಿನ ಕನಿಷ್ಠ 100 ಮೀಟರ್ ಜಾಗವನ್ನು ಸರಕಾರ ಮೌನ ವಲಯವೆಂದು ಘೋಷಿಸಬಹುದು ಎಂಬುದು 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಬರುವ ಮಾತು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ತೆರೆದ ಜಾಗದಲ್ಲಿ ಹಾಕುವಂತಿಲ್ಲ. ಚೆಂಡೆಯ ಪೆಟ್ಟು ದೂರಕ್ಕೆ ಕೇಳುವುದರಿಂದ ತಾಳಮದ್ದಳೆಗೆ ಮುಚ್ಚಿದ ಸಭಾಂಗಣವೇ ಮೇಲು.

ಜನಸಂದಣಿಯನ್ನು ಮಾತ್ರ ಹಗುರವಾಗಿ ಎಣಿಸಬೇಡಿ. 2023ರ ನವೆಂಬರ್ 25ರಂದು ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುನ್ನ ನೂಕುನುಗ್ಗಲಾಗಿ ನಾಲ್ವರು ಸತ್ತರು. ಮೂವರು ಅಲ್ಲಿಯ ವಿದ್ಯಾರ್ಥಿಗಳು, ಒಬ್ಬರು ಹೊರಗಿನಿಂದ ಬಂದವರು. ಎಷ್ಟು ಆಸನಗಳಿವೆಯೋ ಅಷ್ಟೇ ಪಾಸು ಕೊಡಿ. ಎರಡು ಬಾಗಿಲಾದರೂ ತೆರೆದಿರಲಿ, ಮೆಟ್ಟಿಲುಗಳ ಮೇಲೆ ಯಾರೂ ಕೂರದಂತೆ ನೋಡಿಕೊಳ್ಳಿ. ಮಳೆ ಬಂದರೆ ಜನ ಎಲ್ಲಿಗೆ ಓಡುತ್ತಾರೆ ಎಂಬುದನ್ನು ಈ ಕರಾವಳಿಯಲ್ಲಿ ಯೋಚಿಸಿಯೇ ಇರಬೇಕು.

ಚುನಾವಣೆಯ ಹೊತ್ತು ಬೇರೆ

ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತು ದಶಕಗಳಾದವು, ಇಲ್ಲಿ ಅದು ಜೀವಂತವಾಗಿದೆ. ಕೇರಳದ ಪ್ರಕರಣವೊಂದರಿಂದಲೇ ಹುಟ್ಟಿದ ವಿದ್ಯಾರ್ಥಿ ಚುನಾವಣೆಯ ಬಗೆಗಿನ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಜಾರಿಗೆ ತಂದಿತು. ಕಾಲೇಜಿನ ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದ ಯಾರೂ ಚುನಾವಣೆಯ ಯಾವ ಕೆಲಸದಲ್ಲೂ ಭಾಗವಹಿಸುವಂತಿಲ್ಲ, ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರುವಂತಿಲ್ಲ, ಅಚ್ಚಿನ ಪೋಸ್ಟರ್ ಕೂಡದು ಎಂಬುದು ಅದರಲ್ಲಿದೆ. ಆ ದಿನಗಳಲ್ಲಿ ಅತಿಥಿ ಕಾರ್ಯಕ್ರಮ ಇಟ್ಟುಕೊಳ್ಳದಿರುವುದೇ ಲೇಸು.

ಇಲ್ಲವೆಂದರೆ

ಕಾರಣವನ್ನು ಬರಹದಲ್ಲಿ ಕೇಳಿ. ಸಭಾಂಗಣ ಖಾಲಿಯಿಲ್ಲ ಎಂದರೆ ಬೇರೆ ದಿನ ಸೂಚಿಸಿ. ‘ಆ ವ್ಯಕ್ತಿ ಬೇಡ’ ಎಂದರೆ ಯಾವ ನಿಯಮದಡಿ ಎಂದು ಕೇಳಿ. ಸಂಸ್ಥೆ ತನ್ನದೇ ನಿಯಮ ಮೀರಿದ್ದರೆ ಯುಜಿಸಿಯ 2023ರ ನಿಯಮಗಳ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ದೂರು ಕೊಡಬಹುದು. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ, ವಿದ್ಯಾರ್ಥಿಗಳ ಮೇಲ್ಮನವಿ ಕೇಳಲು ನೇಮಕವಾದ ಒಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ. ಉತ್ತರವನ್ನೇ ಕೊಡದಿದ್ದರೆ ನಿಮ್ಮ ಅರ್ಜಿಯ ಕಡತದ ಟಿಪ್ಪಣಿಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಿ, 30 ದಿನಗಳಲ್ಲಿ ಉತ್ತರ ಬರಬೇಕು. ಮುದ್ರೆ ಹಾಕಿಸಿಕೊಂಡ ಆ ಎರಡನೇ ಪ್ರತಿಯನ್ನು ಎಲ್ಲ ದೂರುಗಳಿಗೂ ಲಗತ್ತಿಸಿ. ಕಾರ್ಯಕ್ರಮ ನಡೆದಿರಲಿ, ಬಿಟ್ಟಿರಲಿ, ಇಡೀ ಕಡತವನ್ನು ಮುಂದಿನ ವರ್ಷದ ಕಾರ್ಯದರ್ಶಿಗೆ ಒಪ್ಪಿಸಿ ಹೋಗಿ.