ಉತ್ತರದ ಗಾಳಿ ಬೀಸಿದ ಎರಡನೇ ದಿನ

ಟೆಕ್ಸಸ್‌ನ ಗಾಲ್ವೆಸ್ಟನ್ ಕಡೆ ಗಾಳ ಹಾಕುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ. ಲೈಸೆನ್ಸು, ರಾಡು, ಗಂಟು ಕಟ್ಟುವುದು ಎಲ್ಲ ನಿಮಗೆ ಗೊತ್ತಿರುವುದೇ. ಅಕ್ಟೋಬರ್ ಕೊನೆಗೆ ಕೋಲ್ಡ್ ಫ್ರಂಟ್, ಅಂದರೆ ಉತ್ತರದ ಚಳಿಗಾಳಿಯ ಅಲೆ ಬಂದು, ಕೊಲ್ಲಿಯ ನೀರು ಬತ್ತಿ, ದೋಣಿ ಇಳಿಸುವಲ್ಲಿ ಬರೀ ಕೆಸರು ಕಂಡರೆ ಎಲ್ಲರೂ ಗಾಡಿ ತಿರುಗಿಸುತ್ತಾರೆ. ನಾನು ಹೊರಡುವುದೇ ಆಗ. ಹೋದ ವರ್ಷ ಥ್ಯಾಂಕ್ಸ್‌ಗಿವಿಂಗ್ ಒಳಗೆ ಹೀಗೆ ಏಳು ಸಲ ಹೋದೆ. ಆರು ಸಲ ದಿನಕ್ಕೆ ಮೂರು ರೆಡ್‌ಫಿಶ್ ಅನ್ನುವ ಲಿಮಿಟ್ ತುಂಬಿಸಿಕೊಂಡೇ ಬಂದೆ. ಏಳನೆಯದು ನನ್ನದೇ ದಡ್ಡತನ, ಮುಂದೆ ಹೇಳುತ್ತೇನೆ.

ಮೊದಲಿನ ಎರಡು ವರ್ಷ ನೆನೆಸಿಕೊಂಡರೆ ನಾಚಿಕೆ. ಸೆಕೆಂಡ್‌ಹ್ಯಾಂಡ್ ಕಯಾಕ್‌ಗೆ 650 ಡಾಲರ್, ಎರಡು ರಾಡು-ರೀಲಿಗೆ 280, ಒಂದೇ ತಿಂಗಳಲ್ಲಿ ಸೋರತೊಡಗಿದ ವೇಡರ್‌ಗೆ (ನೀರಿಗಿಳಿಯುವ ಬೂಟು-ಪ್ಯಾಂಟು) 90, ಬಣ್ಣಬಣ್ಣದ ರಬ್ಬರ್ ಮೀನುಗಳಿಗೆ ಹತ್ತಿರ ಹತ್ತಿರ 250. ಹ್ಯೂಸ್ಟನ್ ಪಕ್ಕದ ಕೇಟಿಯಿಂದ ಹೋಗಿಬರಲು 150 ಮೈಲಿ, ಆ ಪೆಟ್ರೋಲು ಬೇರೆ. ಮನೆಗೆ ತಂದ ಮೀನು ಒಟ್ಟು ನಾಲ್ಕು. ನನ್ನವಳು ಫೋನಿನಲ್ಲೇ ಭಾಗಾಕಾರ ಮಾಡಿ, "ಒಂದಕ್ಕೆ ನಾನ್ನೂರು ಚಿಲ್ಲರೆ ಬಿತ್ತು, ಮಸಾಲೆ ಖರ್ಚು ಸೇರಿಸಿಲ್ಲ" ಅಂದಳು.

ತಪ್ಪು ಎಲ್ಲಿತ್ತು ಅಂದರೆ, ನಾನು ಇಲ್ಲಿಯೂ ಗಂಗೊಳ್ಳಿ ಅಳಿವೆಯ ಲೆಕ್ಕವನ್ನೇ ಹಾಕುತ್ತಿದ್ದೆ. ಅಪ್ಪಯ್ಯ ಬೀಸುಬಲೆ ಹಿಡಿದು ಹೊರಡುತ್ತಿದ್ದದ್ದು ತಿಥಿ ನೋಡಿ. ಹುಣ್ಣಿಮೆ, ಅಮಾಸೆಗೆ ಪಂಚಗಂಗಾವಳಿಯಲ್ಲಿ ನೀರು ಆಳೆತ್ತರ ಏರಿ ಇಳಿಯುತ್ತದೆ, ಮೀನೂ ಅದರ ಜೊತೆಗೇ ಬಂದು ಹೋಗುತ್ತದೆ. ಗಾಲ್ವೆಸ್ಟನ್‌ನಲ್ಲಿ ಉಬ್ಬರ-ಇಳಿತ ಸೇರಿ ಒಂದೂವರೆ ಅಡಿ ಆದರೆ ಹೆಚ್ಚು. ಇಲ್ಲಿ ನೀರನ್ನು ಆಡಿಸುವುದು ಗಾಳಿ. ಉತ್ತರದ ಗಾಳಿ ಒಂದು ಹಗಲು ಒಂದು ರಾತ್ರಿ ಬಿಡದೆ ಬೀಸಿದರೆ, ಉಬ್ಬರ-ಇಳಿತದ ಟೇಬಲ್ಲಿನಲ್ಲಿ ಬರೆದದ್ದಕ್ಕಿಂತ ಎರಡು ಅಡಿ ಕೆಳಗೆ ನೀರು ಹೋಗಿರುತ್ತದೆ. ಇದನ್ನು ಫೋನಿನಲ್ಲಿ ಹೇಳಿದರೆ ಅಪ್ಪಯ್ಯ, "ಎಂತದಾ ಮಗಾ, ಗಾಳಿಗ್ ನೀರ್ ಇಳಿತ್ತಾ? ಹೋಗ್ ಹೋಗ್" ಅಂತ ನಕ್ಕರು.

ಇಲ್ಲಿನವರೂ ನಂಬಲಿಲ್ಲ. ಬೇಟ್ ಅಂಗಡಿಯ ಮುದುಕನೊಬ್ಬ ನನ್ನ ಕಯಾಕ್ ನೋಡಿ, ನೀರೇ ಇಲ್ಲ, ಎಳೆದುಕೊಂಡು ವಾಕಿಂಗ್ ಹೋಗುತ್ತೀಯಾ ಅಂತ ಕೇಳಿದ. ಹೌದು, ಎಳೆದುಕೊಂಡೇ ಹೋದೆ. ಹುಲ್ಲುಗಾವಲಿನಂಥ ಆ ಜೌಗಿನಲ್ಲಿ ಮಂಡಿಯವರೆಗೆ ಹೂತು ಅರ್ಧ ಮೈಲಿ. ಅದಕ್ಕೂ ಹಿಂದೊಮ್ಮೆ ಇದೇ ಸಾಹಸದಲ್ಲಿ ಸಿಂಪಿಯ ದಿಬ್ಬದ ಮೇಲೆ ಬಿದ್ದು ಮೊಣಕಾಲ ಕೆಳಗೆ ಎರಡು ಇಂಚು ಸೀಳಿಕೊಂಡಿದ್ದೆ. ಉಪ್ಪುನೀರಿನ ಗಾಯ ಅಂದ ತಕ್ಷಣ ಡಾಕ್ಟರು ವಿಬ್ರಿಯೊ (ಉಪ್ಪುನೀರಿನ ಅಪಾಯಕಾರಿ ಬ್ಯಾಕ್ಟೀರಿಯಾ) ಅಂತ ಮುಖ ಗಂಭೀರ ಮಾಡಿ ಆಂಟಿಬಯೋಟಿಕ್ ಬರೆದರು. ಬಿಲ್ಲು 180 ಡಾಲರ್. ಅದನ್ನು ಮೀನಿನ ಲೆಕ್ಕಕ್ಕೆ ಸೇರಿಸಲು ನಾನು ಬಿಡಲಿಲ್ಲ.

ಕಯಾಕ್ ಎಳೆದುಕೊಂಡು ಹೋದ ಅವತ್ತು ಕಂಡದ್ದು ಇಷ್ಟು. ಬಯಲೆಲ್ಲ ಒಣಗಿತ್ತು. ಕಾಲುವೆ ತಿರುವು ತೆಗೆದುಕೊಳ್ಳುವಲ್ಲಿ, ಹೊರದಂಡೆಗೆ ಒತ್ತಿಕೊಂಡು, ನಾಲ್ಕೈದು ಅಡಿ ಆಳದ ಮಡು. ನಮ್ಮ ಮನೆಯ ಹಾಲ್‌ಗಿಂತ ಸ್ವಲ್ಪ ದೊಡ್ಡದಿರಬಹುದು. ಜೌಗಿನಲ್ಲಿ ಚೆದುರಿ ಮೇಯುತ್ತಿದ್ದ ಸಿಗಡಿ, ಮರಿ ಮಲೆಟ್, ಅವುಗಳ ಹಿಂದೆ ಬಿದ್ದ ರೆಡ್‌ಫಿಶ್, ಟ್ರೌಟ್, ಎಲ್ಲವೂ ಆ ಮಡುವಿನಲ್ಲಿ ಸಿಕ್ಕಿಬಿದ್ದ ಹಾಗಿತ್ತು. ಮೂರನೇ ಎಸೆತಕ್ಕೆ ಜಿಗ್ (ತಲೆಗೆ ಭಾರ ಕಟ್ಟಿದ ಗಾಳ) ತಳ ಮುಟ್ಟಿ ನಿಂತಿದೆ, ದಾರ ಸದ್ದಿಲ್ಲದೆ ಪಕ್ಕಕ್ಕೆ ನಡೆಯತೊಡಗಿತು. ರಾಡು ಎತ್ತಿದೆ. ತಾಮ್ರದ ಹಂಡೆ ಬೆಳಗಿದಂಥ ಬೆನ್ನು ಒಮ್ಮೆ ಹೊರಳಿ, ಬಾಲದ ಬುಡದ ಕರಿ ಬೊಟ್ಟು ಕಂಡು, ರೀಲು ಕಿರುಚಿತು. 26 ಇಂಚು. ಕೈಯಲ್ಲಿ ಹಿಡಿದರೆ ಹೊಟ್ಟೆಯೊಳಗಿಂದ ಗುರ್ ಗುರ್ ಅನ್ನುವುದು ಅಂಗೈಗೆ ತಿಳಿಯುತ್ತದೆ. ನಮ್ಮೂರ ಕಲ್ಲೂರಿನ ದೊಡ್ಡ ದಾಯಾದಿ ಇದು. ಟ್ರೌಟ್ ಕೂಡ ಅದೇ ಬಳಗ, ಹೆಸರಷ್ಟೇ ಟ್ರೌಟ್.

ಈಗ ಏಳನೇ ಸಲದ ಕಥೆ. ಮೀಟಿಂಗ್ ಇತ್ತು ಅಂತ ಒಂದು ದಿನ ಮುಂಚೆ, ಫ್ರಂಟ್ ಬಂದ ದಿನವೇ ಹೋದೆ. ಗಾಳಿ ಗಂಟೆಗೆ 25 ಮೈಲಿ. ಹುಟ್ಟು ಹಾಕಿದಷ್ಟೂ ಕಯಾಕ್ ಕೊಲ್ಲಿಯ ಕಡೆಗೇ ಜಾರುತ್ತಿತ್ತು. ವೆಸ್ಟ್ ಬೇ ನಡುವೆ ಹೋಗಿಬಿಡುತ್ತೇನೆ ಅನ್ನುವಾಗ ಯಾರದೋ ಹಳೇ ಕಂಬ ಸಿಕ್ಕಿತು, ಅದನ್ನು ತಬ್ಬಿ ನಿಂತೆ. ಗಾಳದ ಸಾಮಾನಿನ ಟ್ಯಾಕಲ್ ಬಾಕ್ಸ್ ಹೋಯಿತು, ಸುಮಾರು 70 ಡಾಲರ್ ಮಾಲು. ಮೊದಲ ದಿನ ಹೋಗಬೇಡಿ. ಎರಡನೇ ದಿನ ಆಕಾಶ ತೊಳೆದಿಟ್ಟಂತೆ ಇರುತ್ತದೆ, ಗಾಳಿ ಹತ್ತು ಮೈಲಿಗೆ ಇಳಿದಿರುತ್ತದೆ, ನೀರು ಇನ್ನೂ ಮರಳಿರುವುದಿಲ್ಲ. ಅದೇ ದಿನ. ಗಾಳಿ ಆಗ್ನೇಯಕ್ಕೆ ತಿರುಗಿ ನೀರು ಹುಲ್ಲಿನ ಬುಡ ಹತ್ತಿದರೆ ಮೀನು ಮತ್ತೆ ಚೆದುರಿತು ಅಂತಲೇ ಲೆಕ್ಕ.

ಇನ್ನೊಂದು, ನಸುಕಿಗೆ ಏಳುವುದೇ ಬೇಡ. ಇದಕ್ಕೂ ಎಲ್ಲರೂ ನಕ್ಕವರೇ. ರಾತ್ರಿಯ ಚಳಿಗೆ ಮೀನು ಮಂಕಾಗಿರುತ್ತದೆ, ಕರಿ ಕೆಸರು ಬಿಸಿಲು ಕುಡಿದ ಮೇಲೆ, ಹನ್ನೊಂದರಿಂದ ಮೂರರವರೆಗೆ ಕಚ್ಚುವಷ್ಟು ಬೆಳಿಗ್ಗೆ ಎಂದೂ ಕಚ್ಚಿಲ್ಲ. ಆರಾಮಾಗಿ ಇಡ್ಲಿ ತಿಂದು ಹೊರಡುತ್ತೇನೆ.

ಗಾಳಕ್ಕೆ ಸಿಕ್ಕಿಸಲು ಜೀವಂತ ಸಿಗಡಿ ತರುವುದನ್ನು ಬಿಟ್ಟೆ. ಕ್ವಾರ್ಟಿಗೆ 25 ಡಾಲರ್ ಕೊಟ್ಟು ತಂದದ್ದನ್ನು ಪಿನ್‌ಫಿಶ್, ಹಾರ್ಡ್‌ಹೆಡ್‌ನಂಥ ಬೇಡದ ಮೀನುಗಳು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತವೆ. ಸದ್ದು ಮಾಡುವ ತೇಲುಬೆಂಡು ಪಾಪಿಂಗ್ ಕಾರ್ಕ್ ಕೂಡ ಈ ಮಡುಗಳಲ್ಲಿ ಬೇಡ, ಇಷ್ಟು ಕಿರಿದಾದ ನೀರಿನಲ್ಲಿ ಆ ಸದ್ದಿಗೆ ಮೀನು ಬೆದರುತ್ತದೆ. 1/8 ಔನ್ಸ್ ಜಿಗ್‌ಹೆಡ್, ಮೂರು ಇಂಚಿನ ಪ್ಯಾಡಲ್‌ಟೇಲ್ ರಬ್ಬರ್ ಮೀನು, 20 ಪೌಂಡ್ ಫ್ಲೋರೋಕಾರ್ಬನ್ ದಾರ. ಎಳೆಯುವುದಕ್ಕಿಂತ ಬಿಟ್ಟು ಕಾಯುವುದೇ ಹೆಚ್ಚು. ಟ್ರೌಟ್ ಕಚ್ಚಿದರೆ ಉಗುರಿನಿಂದ ಟಕ್ ಅಂತ ತಟ್ಟಿದ ಹಾಗೆ. ರಬ್ಬರಿನ ಬಣ್ಣ ಯಾವುದು, ಜಿಗ್‌ಹೆಡ್‌ಗೆ ನಾನೇನು ಮಾಡಿಕೊಂಡಿದ್ದೇನೆ ಅನ್ನುವುದು ನನ್ನಲ್ಲೇ ಇರಲಿ. ಕಾಲುವೆ ಯಾವುದು ಅಂತಲೂ ಕೇಳಬೇಡಿ. ಸ್ಯಾಟಲೈಟ್ ಚಿತ್ರ ಎಲ್ಲರ ಫೋನಿನಲ್ಲೂ ಇದೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಊರಿಂದ ಬಂದ ಒಣಸಿಗಡಿ ಪುಡಿ ಮಾಡಿ, ತೆಂಗಿನೆಣ್ಣೆಯಲ್ಲಿ ಕಲಸಿ, ರಬ್ಬರ್ ಮೀನುಗಳನ್ನು ಅದರಲ್ಲಿ ಒಂದು ವಾರ ನೆನೆಸಿಟ್ಟೆ. ಗರಾಜಿನ ವಾಸನೆಗೆ ಪಕ್ಕದ ಮನೆಯವರು ಬಂದು ಗ್ಯಾಸ್ ಲೀಕ್ ಇದೆಯಾ ಅಂತ ವಿಚಾರಿಸಿದರು. ಕೊಲ್ಲಿಯಲ್ಲಿ ಹಾರ್ಡ್‌ಹೆಡ್ ಬೆಕ್ಕುಮೀನು ಹದಿನಾಲ್ಕೋ ಹದಿನೈದೋ ಬಂದವು, ಬೇರೆ ಒಂದೂ ಇಲ್ಲ. ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗುತ್ತದೆ ಅನ್ನುವುದೂ ಆಗಲೇ ಹೊಳೆದದ್ದು.

ಅಳತೆಯಲ್ಲಿ ಮಾತ್ರ ಚೌಕಾಸಿ ಬೇಡ. ರೆಡ್‌ಫಿಶ್ 20ರಿಂದ 28 ಇಂಚು. ಟ್ರೌಟ್ ನಮ್ಮ ಕಡೆ ಮೊದಲು ಐದು ಇದ್ದದ್ದು 2024ರಿಂದ ಮೂರಕ್ಕೆ ಇಳಿದಿದೆ, 15ರಿಂದ 20 ಇಂಚು. 2021ರ ಫೆಬ್ರವರಿಯ ಆ ಚಳಿಯಲ್ಲಿ ಟೆಕ್ಸಸ್ ಕರಾವಳಿಯಲ್ಲಿ 38 ಲಕ್ಷದಷ್ಟು ಮೀನು ಸತ್ತವು ಅಂತ ರಾಜ್ಯದ ವನ್ಯಜೀವಿ ಇಲಾಖೆಯ ಅಂದಾಜು. ಅದಾದ ಮೇಲೆ ನನಗೂ ಈ ಮಿತಿ ಅತಿ ಅನಿಸಿಲ್ಲ. ಹೊಟ್ಟೆ ಉರಿಯುವುದು ಚಪ್ಪಟೆ ಮೀನು ಫ್ಲೌಂಡರ್‌ಗೆ. ನವೆಂಬರ್ 1ರಿಂದ ಡಿಸೆಂಬರ್ 14ರವರೆಗೆ ಬಂದ್, ಸರಿಯಾಗಿ ಆಗಲೇ ಜಿಗ್ ಕಚ್ಚಿ ಬರುತ್ತದೆ. ಬಿಟ್ಟೆ, ಮೂರು ಸಲ.

ಅಡುಗೆಗೆ ಟ್ರೌಟ್ ಅವತ್ತೇ ಆಗಬೇಕು, ಮಾಂಸ ಮೆತ್ತಗೆ. ಕೆಲವದರ ಮಾಂಸದಲ್ಲಿ ಶಾವಿಗೆಯಂಥ ಬಿಳಿ ಹುಳ ಇರುತ್ತದೆ. ಏನೂ ಅಪಾಯವಿಲ್ಲ, ಆದರೆ ನೆಂಟರ ಮುಂದೆ ಕೊಯ್ಯಬೇಡಿ. ನಾನು ಕೊಯ್ದೆ, ಅವರು ಅನ್ನ-ಸಾರು ಉಂಡು ಹೋದರು. ರೆಡ್‌ಫಿಶ್ 22 ಇಂಚಿನದಾದರೆ ಬ್ಯಾಡಗಿ ಮೆಣಸು, ಕೊತ್ತಂಬರಿ ಹುರಿದು ಕಡೆದ ಗಸಿಗೆ ಹೇಳಿ ಮಾಡಿಸಿದ್ದು. ಅಪ್ಪಯ್ಯನಿಗೆ ವಿಡಿಯೊ ಕಳಿಸಿದರೆ, "ಮೀನ್ ಅಡ್ಡಿಲ್ಲೆ. ಹುಳಿ ಕಮ್ಮಿ ಆಯ್ತ್" ಅಂದರು. ಗಾಳಿಯ ಮಾತು ಎತ್ತಲೇ ಇಲ್ಲ.

ಈ ಗುರುವಾರ ರಾತ್ರಿ ಫ್ರಂಟ್ ದಾಟುತ್ತದಂತೆ. ಅಂದರೆ ಶನಿವಾರ. ವೇಡರ್‌ನ ಎಡಗಾಲು ಇನ್ನೂ ಸೋರುತ್ತಿದೆ, ತೇಪೆ ಹಾಕಬೇಕು.